ಬೀಡಿ ಕಟ್ಟುವವರ ಧಣಿ ಯಾರು?

ಮೂಡುಬಿದಿರೆ ಪಕ್ಕದ ಪುತ್ತಿಗೆಯಂಥ ಊರುಗಳಲ್ಲಿ ಬೀಡಿ ಕಾರ್ಖಾನೆ ಎಂದರೆ ಮನೆಯ ಚಾವಡಿಯೇ. ಬೀಡಿ ಕಟ್ಟುವ ಅಕ್ಕಂದಿರ ಮಡಿಲಲ್ಲಿ ಗೆರಸೆ. ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ.

ಹಾಗಾದರೆ ಈ ಅಕ್ಕಂದಿರ ಧಣಿ ಯಾರು? ಎಲೆ ತೂಗಿ ಕೊಡುವ ಬ್ರಾಂಚಿನ ಗುತ್ತಿಗೆದಾರನೋ, ಮಂಗಳೂರಿನ ಕಂಪನಿಯೋ?

1966ರ ಬೀಡಿ ಕಾರ್ಮಿಕರ ಕಾಯ್ದೆ ಉತ್ತರ ಕೊಟ್ಟಿತು: ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ, ಗುತ್ತಿಗೆದಾರನ ಹಿಂದಿರುವ ಕಂಪನಿಯೂ ಹೊಣೆ.

ಮಾಲೀಕರು ಒಪ್ಪಲಿಲ್ಲ. ಕೇರಳ ಕಾಯ್ದೆ ಜಾರಿಗೆ ತಂದಾಗ ಮಂಗಳೂರು ಗಣೇಶ್ ಬೀಡಿ ಕಣ್ಣೂರಿನಲ್ಲಿ ಕೆಲಸ ನಿಲ್ಲಿಸಿತು. ಸಾವಿರಾರು ಜನ ಬೀದಿಗೆ ಬಿದ್ದರು. ಅವರಿಗಾಗಿ 1969ರಲ್ಲಿ ಹುಟ್ಟಿದ್ದೇ ದಿನೇಶ್ ಬೀಡಿ ಸಹಕಾರ ಸಂಘ. ಇತ್ತ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕಟ್ಟುವವರಿಗೂ ಪಿಎಫ್ ಸಲ್ಲಬೇಕು ಎಂಬುದು 1985ರಲ್ಲಿ ಗಟ್ಟಿಯಾಯಿತು.

ಇನ್ನೊಂದು ಜಗಳ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಮೇಜಿನ ಮೇಲೆ. ಕಟ್ಟು ಸಡಿಲ, ತುದಿ ಸರಿ ಇಲ್ಲ ಎಂದು ಬೀಡಿಯನ್ನು ಪಕ್ಕಕ್ಕೆ ಹಾಕಿದರೆ ದುಡಿಮೆ ನೀರಿಗೆ ಬಿದ್ದಂತೆ. ಈ ತಕರಾರನ್ನು ಸರ್ಕಾರಿ ಅಧಿಕಾರಿಯ ಮುಂದಿಡಲು ಅದೇ ಕಾಯ್ದೆ ದಾರಿ ಮಾಡಿತು.

ಮನೆಮನೆಯಲ್ಲಿ ಚದುರಿದವರಿಗೆ ಮುಷ್ಕರ ಹೂಡಲು ಕಾರ್ಖಾನೆ ಗೇಟಿಲ್ಲ. ಆದ್ದರಿಂದ ಯೂನಿಯನ್ ಅವರನ್ನು ಹುಡುಕುವುದು ಬ್ರಾಂಚಿನ ಸಾಲಿನಲ್ಲಿ. ಕೇಳುವುದು ಕನಿಷ್ಠ ಕೂಲಿ, ತುಟ್ಟಿಭತ್ಯೆ, ಬೋನಸ್.

2025ರ ನವೆಂಬರ್ 21ರಿಂದ ಬೀಡಿ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಹೆಸರು ಬದಲಾದರೂ ಹಕ್ಕು ಕೇಳಲು ದಾಖಲೆ ಬೇಕು. ಬೀಡಿ ಲೆಕ್ಕದ ಪುಸ್ತಕ, ಪಿಎಫ್ ನಂಬರ್ ಜೋಪಾನ ಮಾಡಿ.