ಮೊದಲ ಆಂಪ್ಲಿಫೈಯರಿಗೆ ಎಷ್ಟು ವ್ಯಾಟ್ ಬೇಕು?

ಮೊಬೈಲ್, ರೇಡಿಯೊ ಅಥವಾ ಸಿ.ಡಿ. ಪ್ಲೇಯರಿನಿಂದ ಬರುವ ಕ್ಷೀಣ ಸಂಕೇತವನ್ನು ಅದರ ಆಕಾರ ಕೆಡದಂತೆ ಬಲಪಡಿಸಿ, ಸ್ಪೀಕರಿನ ಕೋನ್ ಅಲುಗುವಂತೆ ಮಾಡುವುದು ಆಂಪ್ಲಿಫೈಯರಿನ ಕೆಲಸ. ಉಮರ್ಗಾ, ನಿಲಂಗಾ, ಉದಗೀರದಂಥ ಮರಾಠವಾಡಾದ ಕರ್ನಾಟಕ ಗಡಿಯ ಊರುಗಳಲ್ಲಾಗಲಿ, ದೊಡ್ಡ ಶಹರದಲ್ಲಾಗಲಿ, ಮೊದಲ ಹೈ-ಫೈ ಸ್ಪೀಕರ್ ಜೋಡಿ ಕೊಂಡವರು ಅಂಗಡಿಯಲ್ಲಿ ಮೊದಲು ಕೇಳುವುದು ವ್ಯಾಟ್ ಎಷ್ಟೆಂದು. ಪೆಟ್ಟಿಗೆಯ ಮೇಲೆ ಅಂಕಿ ದೊಡ್ಡದಿದ್ದಷ್ಟೂ ಸದ್ದು ಜೋರು ಎಂಬ ನಂಬಿಕೆ ಎಲ್ಲೆಡೆ ಬೇರೂರಿದೆ. ಆ ನಂಬಿಕೆ ತಪ್ಪು.

ಕಿವಿ ಗುಣಾಕಾರದಲ್ಲಿ ಲೆಕ್ಕ ಹಿಡಿಯುತ್ತದೆ. ವ್ಯಾಟ್ ಎರಡು ಪಟ್ಟಾದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಸದ್ದು ಇಮ್ಮಡಿಯಾಯಿತು ಅನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಇಂಥ ಮಾಪಕ ಈ ಗಡಿ ಸೀಮೆಗೆ ಹೊಸದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯನ್ನೂ ಸುತ್ತಲಿನ ಹಳ್ಳಿಗಳನ್ನೂ ನೆಲಸಮ ಮಾಡಿದ ಭೂಕಂಪದ ತೀವ್ರತೆ 6ನ್ನು ಸ್ವಲ್ಪವೇ ದಾಟಿತ್ತು. ಭೂಕಂಪ ಅಳೆಯುವ ಆ ಮಾಪಕದಲ್ಲಿ ಅಂಕಿ ಒಂದು ಮೇಲೇರಿದರೆ ಶಕ್ತಿ ಸುಮಾರು 32 ಪಟ್ಟಾಗುತ್ತದೆ. ಡೆಸಿಬೆಲ್ ಕೂಡ ಅದೇ ಜಾತಿಯದು. 40 ವ್ಯಾಟಿನದನ್ನು ಬಿಟ್ಟು 80 ವ್ಯಾಟಿನದಕ್ಕೆ ಹೆಚ್ಚು ಹಣ ತೆತ್ತವರಿಗೆ ದಕ್ಕುವುದು ಮೂರೇ ಡೆಸಿಬೆಲ್.

ಆದ್ದರಿಂದ ಮೊದಲು ನೋಡಬೇಕಾದದ್ದು ಸ್ಪೀಕರಿನ ಸಂವೇದಿತೆ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಅಂಕಿ. ಸಣ್ಣ ಸ್ಪೀಕರುಗಳಲ್ಲಿ ಅದು 86ರ ಆಸುಪಾಸು ಇರುತ್ತದೆ. ಸಾಮಾನ್ಯ ಮಾತುಕತೆ 60 ಡೆಸಿಬೆಲಿನಷ್ಟು. ಹಾಗಾದರೆ ಒಂದು ವ್ಯಾಟ್ ಎಷ್ಟು ಧಾರಾಳ ಎಂಬುದು ತಿಳಿಯುತ್ತದೆ. 89 ಡೆಸಿಬೆಲಿನ ಸ್ಪೀಕರಿಗೆ ಅಷ್ಟೇ ಸದ್ದಿಗೆ ಅರ್ಧ ವ್ಯಾಟ್ ಸಾಕು.

ಉಳಿದ ವ್ಯಾಟುಗಳು ಬೇಕಾಗುವುದು ಕ್ಷಣಮಾತ್ರದ ಏರುಗಳಿಗೆ. ಗದುಗಿನ ನೆಲದ ಭೀಮಸೇನ ಜೋಶಿಯವರು ಹಾಡಿದ ದಾಸರ ಪದ, ಮರಾಠಿ ಅಭಂಗ ಎರಡೂ ಈ ಗಡಿಯ ಮನೆಗಳಿಗೆ ಸಲ್ಲುತ್ತವೆ. ಅಂಥ ಹಾಡನ್ನು ಒಂದು ಮೀಟರ್ ದೂರದಲ್ಲಿ ಸರಾಸರಿ 80 ಡೆಸಿಬೆಲಿನಲ್ಲಿ ಕೇಳಲು ಆ 86ರ ಸ್ಪೀಕರಿಗೆ ಕಾಲು ವ್ಯಾಟ್ ಸಾಕು. ನಡುವೆ ತಬಲಾದ ಒಂದು ಪೆಟ್ಟು 20 ಡೆಸಿಬೆಲ್ ಮೇಲೆ ಚಿಮ್ಮಿದರೆ ಆ ಕ್ಷಣಕ್ಕೆ ನೂರು ಪಟ್ಟು, ಅಂದರೆ 25 ವ್ಯಾಟ್ ಬೇಕು. ಅದು ಸಿಗದಿದ್ದರೆ ಅಲೆಯ ತುದಿ ಕತ್ತರಿಸಿಹೋಗಿ ಧ್ವನಿ ಒರಟಾಗುತ್ತದೆ. ಪದೇಪದೇ ಹಾಗಾದರೆ ಸ್ಪೀಕರಿನಲ್ಲಿ ಕೀಚು ಸ್ವರ ಹೊರಡಿಸುವ ಟ್ವೀಟರ್ ಸುಡಲೂಬಹುದು. ಭೂಕಂಪದ ನಂತರ ಇಲ್ಲಿ ಹೆಚ್ಚಿದ ಸಿಮೆಂಟ್ ಮನೆಗಳ ಬರಿ ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುವುದರಿಂದ ಸಣ್ಣ ಕೋಣೆ ಬೇಗ ತುಂಬುತ್ತದೆ. ಅಲ್ಲಿಗೆ ಚಾನೆಲ್ಲಿಗೆ 30ರಿಂದ 50 ನಿಜವಾದ ವ್ಯಾಟ್ ಸಾಕು. ಗೋಡೆಗೊಂದು ದಪ್ಪ ಪರದೆ, ನೆಲಕ್ಕೊಂದು ಜಮಖಾನೆ ಹಾಕಿದರೆ ಆಗುವ ಲಾಭ ಇನ್ನೂ 50 ವ್ಯಾಟಿನಿಂದ ಆಗದು.

‘ನಿಜವಾದ’ ಎಂಬ ಮಾತನ್ನು ಒತ್ತಿ ಹೇಳಲು ಕಾರಣ ಪಿಎಂಪಿಒ. ಸಾವಿರಾರು ವ್ಯಾಟ್ ಎಂದು ಸಾರುವ ಈ ಅಂಕಿಗೆ ಸರ್ವಮಾನ್ಯ ಅಳತೆಯ ಕ್ರಮವೇ ಇಲ್ಲ. ಅದನ್ನು ನಂಬಿ ಕೊಳ್ಳುವುದು ಕುರುಡುನಂಬಿಕೆ. ಉತ್ಪ್ರೇಕ್ಷೆಯ ರೋಗ ಹಳೆಯದು. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1964ರಲ್ಲಿ 10 ವ್ಯಾಟಿನದೆಂದು ಮಾರಿದ ಎಕ್ಸ್-10 ಎಂಬ ಆಂಪ್ಲಿಫೈಯರ್ ಕಿಟ್ ವಾಸ್ತವವಾಗಿ ಕೊಡುತ್ತಿದ್ದದ್ದು ಸುಮಾರು ಎರಡೂವರೆ ವ್ಯಾಟ್. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಮನೆಬಳಕೆಯ ಆಂಪ್ಲಿಫೈಯರುಗಳಿಗೆ ನಿರಂತರ ಶಕ್ತಿಯ ಅಂಕಿ ಕೊಡಬೇಕೆಂಬ ನಿಯಮ ತಂದಿತು. ಕೊಳ್ಳುವವರ ಕೈಯಲ್ಲೂ ಒಂದು ಪರೀಕ್ಷೆಯಿದೆ: ಅಡಾಪ್ಟರಿನ ವೋಲ್ಟನ್ನು ಆಂಪಿಯರಿನಿಂದ ಗುಣಿಸುವುದು. 12 ವೋಲ್ಟ್, 2 ಆಂಪಿಯರ್ ಅಂದರೆ 24 ವ್ಯಾಟ್. ಒಳಗೆ ಹೋದದ್ದಕ್ಕಿಂತ ಹೆಚ್ಚು ಶಕ್ತಿ ಯಾವ ಪೆಟ್ಟಿಗೆಯಿಂದಲೂ ನಿರಂತರವಾಗಿ ಹೊರಬರದು.

ಆ ಎಕ್ಸ್-10 ಕ್ಲಾಸ್-ಡಿ ತಂತ್ರದ ಮೊದಲ ಮಾರಾಟದ ಸರಕೂ ಹೌದು. ಈ ತಂತ್ರದಲ್ಲಿ ಟ್ರಾನ್ಸಿಸ್ಟರುಗಳು ಇಂದು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ತೆರೆದು ಮುಚ್ಚುತ್ತವೆ. ಪ್ರತಿ ಸಲ ಎಷ್ಟು ಹೊತ್ತು ತೆರೆದಿದ್ದವು ಎಂಬುದರಲ್ಲೇ ರಾಗವೆಲ್ಲ ಅಡಗಿರುತ್ತದೆ. ಕೊನೆಗೆ ಕಾಯಿಲ್ ಮತ್ತು ಕೆಪಾಸಿಟರ್ ಅದನ್ನು ಸೋಸಿ ನಯವಾದ ಅಲೆಯಾಗಿಸುತ್ತವೆ. ಬೆರಗಿನ ಉಪಾಯವಿದು! ಕರೆಂಟಿನ ಬಹುಭಾಗ ಸದ್ದಿಗೇ ಸಲ್ಲುತ್ತದೆ. ಹಳೆಯ ಕ್ಲಾಸ್-ಎಬಿಯಲ್ಲಿ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಬೇಸಿಗೆ 40 ಡಿಗ್ರಿ ದಾಟುವ ಮರಾಠವಾಡಾದಲ್ಲಿ ಕಡಿಮೆ ಬೆಲೆಯ ಕ್ಲಾಸ್-ಡಿ ಮೊದಲ ಕೊಳ್ಳುವಿಕೆಗೆ ಒಳ್ಳೆಯ ಆಯ್ಕೆ. ಕ್ಲಾಸ್-ಎಬಿ ಕೊಂಡರೆ ಮೇಲೂ ಪಕ್ಕಕ್ಕೂ ಗಾಳಿಯಾಡಲು ಜಾಗ ಬಿಡಬೇಕು.

ಕೊನೆಗೆ ಓಮ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. 8 ಓಮಿಗೆ ಮಾತ್ರ ತಕ್ಕುದಾದ ಆಂಪ್ಲಿಫೈಯರಿಗೆ 4 ಓಮಿನ ಸ್ಪೀಕರ್ ಕಟ್ಟಿದರೆ ಕರೆಂಟ್ ಹೆಚ್ಚು ಹರಿದು ಅದು ಕಾಯುತ್ತದೆ. ಗುಡಿ, ಸಭೆಗಳ ಆಂಪ್ಲಿಫೈಯರಿನ 100 ವೋಲ್ಟ್ ಲೈನ್ ತುದಿಗೆ ಮನೆಯ ಸ್ಪೀಕರನ್ನು ಎಂದೂ ಜೋಡಿಸಬಾರದು. ಸ್ಪೀಕರಿನ ಸಂವೇದಿತೆ, ಕೋಣೆಯ ಅಳತೆ, ನಿರಂತರ (ಆರ್‌ಎಂಎಸ್) ವ್ಯಾಟ್, ಓಮ್ ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ ಆಯ್ಕೆ ಸುಲಭ. ಉಳಿದ ಹಣವನ್ನು ದುಬಾರಿ ವೈರಿಗೆ ಸುರಿಯದೆ ಇನ್ನೂ ಒಳ್ಳೆಯ ಸ್ಪೀಕರಿಗೆ ಹಾಕುವುದು ವಿವೇಕ.