ರೂಪಾಂತರಗೊಂಡ ಕಾರು, ಬದಲಾಗದ ಪಾಲಿಸಿ

ಕಾರ್ಖಾನೆಯು ಒಂದು ರೂಪದಲ್ಲಿ ನಿರ್ಮಿಸಿ ಕಳುಹಿಸಿದ ಕಾರು, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳ ಮುಂದೆ ಕೆಲವೇ ಗಂಟೆಗಳೊಳಗೆ ಮತ್ತೊಂದು ರೂಪವನ್ನು ತಾಳುವುದನ್ನು ಯಾರು ಬೇಕಾದರೂ ನಿಂತು ನೋಡಬಹುದು: ಅಗಲವಾದ ಗಾಲಿಗಳು, ಕಣ್ಣು ಕುಕ್ಕುವ ದೀಪಗಳು, ಎದೆ ನಡುಗಿಸುವ ಸ್ಪೀಕರುಗಳು. ತನ್ನ ವಸ್ತುವಿನ ಮೇಲೆ ತನ್ನ ಅಭಿರುಚಿಯ ಮುದ್ರೆಯನ್ನು ಒತ್ತಬೇಕೆಂಬ ಬಯಕೆ ಮನುಷ್ಯನಿಗೆ ಸಹಜವಾದುದು. ಎತ್ತಿನ ಕೊಂಬಿಗೆ ಬಣ್ಣ ಬಳಿದು ಕೊರಳಿಗೆ ಗೆಜ್ಜೆ ಕಟ್ಟುತ್ತಿದ್ದ ನಮ್ಮ ಹಿರಿಯರಲ್ಲಿಯೂ ಅದು ಇದ್ದಿತು. ಆದರೆ ಎತ್ತಿನ ಶೃಂಗಾರವನ್ನು ಅವರು ಯಾರಿಗೂ ಅರುಹಬೇಕಾಗಿರಲಿಲ್ಲ. ಕಾರಿನಲ್ಲಾದ ಮಾರ್ಪಾಡನ್ನು ಮಾತ್ರ ಎರಡು ಕಡೆ ಅರುಹಬೇಕಾಗುತ್ತದೆ: ವಾಹನವನ್ನು ನೋಂದಾಯಿಸಿದ ಆರ್‌ಟಿಒ ಕಚೇರಿಗೆ ಒಮ್ಮೆ, ಅದರ ನಷ್ಟದ ಹೊಣೆ ಹೊತ್ತ ವಿಮಾ ಕಂಪನಿಗೆ ಮತ್ತೊಮ್ಮೆ. ಒಂದು ಕಡೆ ತಿಳಿಸಿದರೆ ಇನ್ನೊಂದು ಕಡೆಗೆ ತಾನಾಗಿಯೇ ತಿಳಿದೀತೆಂದು ನೆಚ್ಚಿ ಕುಳಿತವರು, ಕ್ಲೇಮಿನ ಸಮಯದಲ್ಲಿ ಸಂಕಟಕ್ಕೆ ಸಿಲುಕುತ್ತಾರೆ.

ವಿಮೆಯ ಒಪ್ಪಂದವನ್ನು ನ್ಯಾಯಶಾಸ್ತ್ರಜ್ಞರು ಪರಮ ವಿಶ್ವಾಸದ ಒಪ್ಪಂದವೆಂದು ಕರೆಯುತ್ತಾರೆ. ಈ ತತ್ತ್ವಕ್ಕೆ ಸ್ಪಷ್ಟರೂಪವನ್ನು ಕೊಟ್ಟದ್ದು 1766ರಲ್ಲಿ ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್ ನೀಡಿದ ತೀರ್ಪು. ಸುಮಾತ್ರಾ ದ್ವೀಪದಲ್ಲಿದ್ದ ಕೋಟೆಯೊಂದನ್ನು, ಅದು ಶತ್ರುವಶವಾದರೆ ಆಗುವ ನಷ್ಟಕ್ಕಾಗಿ ಅಲ್ಲಿನ ಗವರ್ನರನ ಪರವಾಗಿ ವಿಮೆ ಮಾಡಿಸಲಾಗಿತ್ತು. ಫ್ರೆಂಚರು ಕೋಟೆಯನ್ನು ಹಿಡಿದುಕೊಂಡಾಗ, ಅದರ ದೌರ್ಬಲ್ಯವನ್ನು ತನಗೆ ಮುಚ್ಚಿಡಲಾಯಿತೆಂದು ವಿಮೆಗಾರನು ಹಣ ಕೊಡಲು ನಿರಾಕರಿಸಿದನು. ಅಪಾಯವನ್ನು ಅಳೆಯಲು ಬೇಕಾದ ಸಂಗತಿಗಳು ಬಹುಪಾಲು ವಿಮೆ ಮಾಡಿಸುವವನೊಬ್ಬನ ಅರಿವಿನಲ್ಲಿಯೇ ಇರುತ್ತವೆ, ಆದಕಾರಣ ಅವನು ಅವನ್ನು ಬಚ್ಚಿಡಕೂಡದು ಎಂದು ನ್ಯಾಯಾಧೀಶರು ಸಾರಿದರು. ಸ್ವಾರಸ್ಯವೇನೆಂದರೆ, ಆ ವ್ಯಾಜ್ಯದಲ್ಲಿ ಗೆದ್ದವನು ವಿಮೆ ಮಾಡಿಸಿದವನೇ. ವಿಮೆಗಾರನು ತಾನೇ ಊಹಿಸಿಕೊಳ್ಳಬಹುದಾದ ಸಂಗತಿಯನ್ನು ಹೇಳಲಿಲ್ಲವೆಂದು ದೂರುವಂತಿಲ್ಲ ಎಂಬುದು ಅದೇ ತೀರ್ಪಿನ ಇನ್ನೊಂದು ಮುಖ. ಆದರೆ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕಾರಿನ ಡಿಕ್ಕಿಯೊಳಗೆ ಗ್ಯಾಸ್ ಸಿಲಿಂಡರ್ ಕುಳಿತುದನ್ನು ಮುಂಬಯಿಯ ಕಂಪನಿಯು ಊಹಿಸಿಕೊಳ್ಳುವುದೆಂತು?

ಪ್ರೀಮಿಯಂ ಹೇಗೆ ನಿರ್ಣಯವಾಗುತ್ತದೆಂಬುದನ್ನು ತಿಳಿದರೆ ಮೌನದಿಂದಾಗುವ ಹಾನಿ ಗೋಚರಿಸುತ್ತದೆ. ಪಾಲಿಸಿಯಲ್ಲಿ ಐಡಿವಿ (ಘೋಷಿತ ವಿಮಾ ಮೌಲ್ಯ) ಎಂದು ನಮೂದಾಗಿ ಪ್ರೀಮಿಯಂ ಲೆಕ್ಕಕ್ಕೆ ಆಧಾರವಾಗುವ ಮೊತ್ತವು, ಆ ಮಾದರಿಗೆ ತಯಾರಕರು ಪ್ರಕಟಿಸಿದ ಬೆಲೆಯಲ್ಲಿ ಸವಕಳಿಯನ್ನು ಕಳೆದು ಉಳಿದುದು. ಒಂದು ವರ್ಷ ದಾಟಿ ಎರಡು ವರ್ಷದೊಳಗಿನ ಕಾರಿಗೆ ಶೇಕಡಾ 20, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇಕಡಾ 50 ಎಂದು ಕಳೆಯುತ್ತಾರೆ. ಅಂಗಡಿಯಲ್ಲಿ ನೀವು ಕೂಡಿಸಿದ ನಲವತ್ತು ಸಾವಿರ ರೂಪಾಯಿಯ ಸ್ಟೀರಿಯೊ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಬೇರೆಯಾಗಿ ನಮೂದಿಸದಿದ್ದರೆ, ಕಾರಿನೊಡನೆ ಅದು ಕಳುವಾದರೂ ಅದರ ಬಾಬ್ತು ಕಾಸೂ ಬಾರದು. 2002ರ ಭಾರತೀಯ ಮೋಟಾರು ಟ್ಯಾರಿಫಿನಲ್ಲಿ ಇಂತಹ ವಿದ್ಯುತ್ ಉಪಕರಣಗಳಿಗೂ ಗ್ಯಾಸ್ ಕಿಟ್ಟಿಗೂ ಬೆಲೆಯ ಶೇಕಡಾ 4ರಷ್ಟು ಹೆಚ್ಚುವರಿ ಪ್ರೀಮಿಯಂ ಗೊತ್ತುಮಾಡಲಾಗಿತ್ತು. ಕಿಟ್ಟಿದ್ದರೆ ಥರ್ಡ್ ಪಾರ್ಟಿ ಭಾಗಕ್ಕೆ ಇನ್ನೂ 60 ರೂಪಾಯಿ. 2007ರಿಂದ ಸ್ವಂತ ಹಾನಿಯ ದರವನ್ನು ಕಂಪನಿಗಳೇ ನಿಗದಿಪಡಿಸುತ್ತವೆಯಾದರೂ ಅಂದಾಜಿಗೆ ಈ ಹಳೆಯ ಲೆಕ್ಕ ಸಾಲದಿರದು. ಐವತ್ತು ಸಾವಿರ ರೂಪಾಯಿಯ ಕಿಟ್ಟಿಗೆ ವರ್ಷಕ್ಕೆ ಎರಡು ಸಾವಿರವನ್ನು ಉಳಿಸಲು ಹೋಗಿ ಇಡೀ ಕ್ಲೇಮನ್ನೇ ಪಣಕ್ಕೊಡ್ಡುವುದು ಜಾಣತನವೆಂದು ನನಗೆ ತೋರುವುದಿಲ್ಲ.

ತಿಳಿಸಿದ ಮಾತ್ರಕ್ಕೆ ಎಲ್ಲ ಮಾರ್ಪಾಡುಗಳೂ ಶುದ್ಧವಾಗಿಬಿಡುವುವೆಂದೂ ಭಾವಿಸಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿ (ಆರ್‌ಸಿ) ಇರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆದರೆ ಗ್ಯಾಸ್ ಕಿಟ್ಟಿಗೂ ಅಂಗವಿಕಲರ ಅನುಕೂಲಕ್ಕಾಗಿ ಮಾಡುವ ಹೊಂದಾಣಿಕೆಗೂ ಕಾನೂನು ನಿಯಮಬದ್ಧವಾದ ಅವಕಾಶವನ್ನು ಇತ್ತಿದೆ. ಅಪ್ಪಣೆಯಿಲ್ಲದ ಭಾಗಗಳನ್ನು ಜೋಡಿಸಿದ ಒಡೆಯನಿಗೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಪ್ರಾಪ್ತವಾಗಬಹುದು. ಕಾರಿನ ಮುಂದೆ ಕಬ್ಬಿಣದ ಬುಲ್ ಬಾರನ್ನು ಕಟ್ಟಿಸಿಕೊಂಡವರು ಅದನ್ನು ರಕ್ಷೆಯೆಂದೇ ನಂಬಿರುತ್ತಾರೆ. ಅದು ಏರ್‌ಬ್ಯಾಗಿನ ಸಂವೇದಕಕ್ಕೆ ಅಡ್ಡಿಯಾಗುವುದಲ್ಲದೆ ಡಿಕ್ಕಿ ಹೊಡೆಸಿಕೊಂಡ ಪಾದಚಾರಿಗೆ ಮಾರಕವೂ ಆಗುವುದರಿಂದ, ಅದನ್ನು ತೆಗೆಸುವಂತೆ ಕೇಂದ್ರ ಸಾರಿಗೆ ಮಂತ್ರಾಲಯವು 2017ರಲ್ಲಿಯೇ ರಾಜ್ಯಗಳಿಗೆ ಬರೆಯಿತು. ಇಂತಹದನ್ನು ಕಂಪನಿಗೆ ತಿಳಿಸುವುದಕ್ಕಿಂತ ಬಿಚ್ಚಿಸಿಹಾಕುವುದೇ ಲೇಸು.

ಅಪಘಾತವಾದ ಮೇಲೆ ಬರುವ ಸರ್ವೇಯರನು ಪಾಲಿಸಿಯನ್ನು ಒಂದು ಕೈಯಲ್ಲಿಯೂ ಆರ್‌ಸಿಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಕಾರನ್ನು ನೋಡುತ್ತಾನೆ. ಕಾರಿಗೆ ಬೆಂಕಿ ಬಿದ್ದಿದ್ದು, ಅದಕ್ಕೆ ಕಾರಣ ಆಮೇಲೆ ಎಳೆದ ವೈರುಗಳೆಂದೋ ಹೇಳದೆ ಕೂಡಿಸಿದ ಕಿಟ್ಟೆಂದೋ ಅವನಿಗೆ ಕಂಡುಬಂದರೆ ಕಂಪನಿಯ ನಿರಾಕರಣೆಗೆ ಬಲವಾದ ಆಧಾರ ದೊರೆತಂತೆಯೇ ಸರಿ. ನಷ್ಟಕ್ಕೂ ಷರತ್ತಿನ ಉಲ್ಲಂಘನೆಗೂ ಸಂಬಂಧವಿಲ್ಲದೆಡೆ ನ್ಯಾಯಾಲಯಗಳು ಕರುಣೆಯನ್ನು ತೋರಿರುವುದುಂಟು: ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದಾಗ ಅದು ಕಳುವಾದ ಪ್ರಕರಣವೊಂದರಲ್ಲಿ, 2008ರಲ್ಲಿ ಸುಪ್ರೀಂ ಕೋರ್ಟು ಮೊತ್ತದ ಶೇಕಡಾ 75ನ್ನು ಒಡೆಯನಿಗೆ ಕೊಡಿಸುವ ತೀರ್ಪನ್ನು ಎತ್ತಿಹಿಡಿಯಿತು. ಈ ತೀರ್ಪನ್ನು ನೆಚ್ಚಿ ಮುಚ್ಚಿಡಹೊರಟವನು, ವರ್ಷಗಟ್ಟಲೆ ವ್ಯಾಜ್ಯವಾಡಿದ ಮೇಲೂ ಕಾಲುಭಾಗವನ್ನು ಬಿಟ್ಟುಕೊಡಲು ಸಿದ್ಧನಾಗಿರಬೇಕು.

ಹಳೆಯ ಕಾರನ್ನು ಕೊಂಡವರು ಇನ್ನೂ ಎಚ್ಚರವಾಗಿರಬೇಕು. ಹಿಂದಿನ ಒಡೆಯನ ಹವ್ಯಾಸಗಳ ಹೊಣೆ ಅವರ ಹೆಗಲಿಗೆ ಬಂದಿರುತ್ತದೆ. ಕಾರಿನ ಮೇಲೆ ಸಾಲವಿದ್ದರೆ, ಸಾಲವಿತ್ತವರ ಲಿಖಿತ ಒಪ್ಪಿಗೆಯಿಲ್ಲದೆ ಮಾರ್ಪಾಡಿಗೆ ಕೈಹಾಕಲಾಗದು. ಕಂಪನಿಗೆ ತಿಳಿಸುವುದು ಬರವಣಿಗೆಯಲ್ಲಿಯೇ ಇರಲಿ, ಕಿಟ್ಟಿನ ರಸೀದಿಯೂ ತಿದ್ದುಪಡಿಯಾದ ಆರ್‌ಸಿಯ ಪ್ರತಿಯೂ ಜೊತೆಗಿರಲಿ. “ಅದೇನೂ ಬೇಡ ಸಾರ್, ಎಲ್ಲಾ ಕವರ್ ಆಗುತ್ತೆ” ಎಂಬ ಏಜೆಂಟನ ಮಾತಿಗೆ ಕ್ಲೇಮಿನ ದಿನ ಸಾಕ್ಷಿಯಿರುವುದಿಲ್ಲ. ಪಾಲಿಸಿಗೆ ಅಂಟಿಕೊಂಡ ಎಂಡಾರ್ಸ್‌ಮೆಂಟಿನ (ತಿದ್ದುಪಡಿಯ) ಹಾಳೆಯನ್ನೇ ಕೇಳಿ ಪಡೆಯಿರಿ. ಎಲ್ಲವನ್ನೂ ತಿಳಿಸಿದ ಮೇಲೂ ಕಂಪನಿಯು ಅನ್ಯಾಯವಾಗಿ ಕೈಯೆತ್ತಿದರೆ, ಮೊದಲು ಅದಕ್ಕೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಪರಿಹಾರ ಕಾಣದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಯ ಮೆಟ್ಟಿಲು ಹತ್ತಬಹುದು. ಅಲ್ಲಿ ಶುಲ್ಕವೂ ಇಲ್ಲ, ವಕೀಲರ ಅಗತ್ಯವೂ ಇಲ್ಲ.