ಕ್ವಾರಿ ಪಕ್ಕದ ಬಾವಿಗೆ ಒಂದು ಲೆಕ್ಕದ ಪುಸ್ತಕ

ಕೆಂಗೇರಿ ದಾಟಿ ತಾವರೆಕೆರೆ ಕಡೆ ಹೋದರೆ ಕಲ್ಲು ಕ್ವಾರಿಗಳು ಸಿಗ್ತವೆ. ಬೆಂಗಳೂರು ಬೆಳೆದಂತೆಲ್ಲ ಸೈಜುಗಲ್ಲು ಬೇಕು, ಜಲ್ಲಿ ಬೇಕು, ಈಗ ಎಂ ಸ್ಯಾಂಡೂ ಬೇಕು. ವಿಜಯನಗರದಲ್ಲಿ ಮಹಡಿ ಏಳಬೇಕಾದರೆ ಎಲ್ಲಾದರೂ ಗುಂಡಿ ಬೀಳಲೇಬೇಕಲ್ಲ! ಗುಂಡಿ ಬಿದ್ದ ಕಡೆ ರಾಗಿ, ಅವರೆ, ಹುರುಳಿ ಬೆಳೆಯೋ ನಾವಿದ್ದೀವಿ. ಬೆಳೆಗೆ ಮಳೆಯೇ ಆಧಾರ. ಆದರೂ ಮನೆಗೆ, ದನಕ್ಕೆ ಒಂದು ಬಾವಿಯೋ ಬೋರೋ ಇಲ್ಲದೆ ಆಗೋದಿಲ್ಲ.

ಹಿಂದೊಮ್ಮೆ ನಮ್ಮ ಭಾಗದ ಕೆಲವರು, ಕ್ವಾರಿ ಆಳ ಆದ ಮೇಲೆ ಬಾವಿ ಬತ್ತಿತು ಅಂತ ಅರ್ಜಿ ಕೊಟ್ಟರು. ನೋಡಲು ಬಂದವರು ಕೇಳಿದ್ದು ಒಂದೇ ಮಾತು: "ಮೊದಲು ನೀರು ಎಷ್ಟು ಅಡಿಗಿತ್ತು?" ಒಬ್ಬರು ನಲವತ್ತು ಅಂದರು, ಇನ್ನೊಬ್ಬರು ಅರವತ್ತು ಅಂದರು. ಕ್ವಾರಿಯವರ ಕೈಯಲ್ಲಿ ಟೈಪು ಮಾಡಿದ ವರದಿ ಇತ್ತು. ಅರ್ಜಿ ಅಲ್ಲಿಗೇ ನಿಂತಿತು. ಆಮೇಲೆ ನಾವು ನಾಲ್ಕಾರು ಮನೆಯವರು ಅಳೆಯೋಕೆ ಶುರು ಮಾಡಿದ್ದು.

ನಮ್ಮದು ಗಟ್ಟಿ ಬಂಡೆಯ ಸೀಮೆ. ನೀರು ಇರೋದು ಮೇಲಿನ ಸಡಿಲು ಕಲ್ಲಿನಲ್ಲಿ ಮತ್ತು ಕೆಳಗಿನ ಬಂಡೆಯ ಬಿರುಕುಗಳಲ್ಲಿ. ಕ್ವಾರಿ ಗುಡ್ಡದ ಮೇಲೇ ಇದ್ದರೆ ಬಾವಿಗೆ ಅಷ್ಟು ತೊಂದರೆ ಇಲ್ಲ. ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗಿಳಿದಾಗ ಸುತ್ತಲಿನ ಜಲ ಅದಕ್ಕೆ ಒಸರುತ್ತೆ. ಕೆಲಸ ನಡೀಬೇಕಲ್ಲ, ಅವರು ಮೋಟ್ರು ಇಟ್ಟು ಹೊರಗೆ ಚೆಲ್ತಾರೆ. ಚೆಲ್ಲಿದಷ್ಟೂ ಒಸರುತ್ತೆ. ಬಿರುಕು ಯಾವ ದಿಕ್ಕಿಗೆ ಓಡಿದೆಯೋ ಆ ದಿಕ್ಕಿನ ಬಾವಿಗೆ ಪೆಟ್ಟು. ಪಕ್ಕದ ಬಾವಿ ತುಂಬಿದ್ದು ದೂರದ್ದು ಬತ್ತಬಹುದು. ಹಾಗಂತ ಬತ್ತಿದ್ದೆಲ್ಲ ಕ್ವಾರಿಯಿಂದಲೇ ಅನ್ನೋಕೂ ಆಗಲ್ಲ. ಹೊಲಕ್ಕೊಂದು ಬೋರು ಕೊರೆಸಿದವರು ನಾವೇ ಅಲ್ಲವೇ? ಅದಕ್ಕೇ ಗುಂಡಿ ಹತ್ತಿರದ ಎರಡು ಮೂರು ಬಾವಿ, ದೂರದ ಒಂದು ಬಾವಿ, ಊರಿನ ಮಳೆ ಲೆಕ್ಕ, ಇಷ್ಟೂ ಒಂದೇ ಪುಸ್ತಕದಲ್ಲಿ ಇರಬೇಕು. ಮಳೆ ಚೆನ್ನಾಗಿ ಆದ ವರ್ಷವೂ ಹತ್ತಿರದ್ದು ಮಾತ್ರ ಇಳಿದರೆ ಆಗ ಮಾತಾಡಬಹುದು.

ಅಳೆಯುವ ಬಗೆ

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತೆ: ಜನವರಿ, ಮುಂಗಾರಿಗೆ ಮುಂಚೆ, ಆಗಸ್ಟ್, ನವೆಂಬರ್. ನಾವೂ ಅದನ್ನೇ ಹಿಡಿದೆವು. ರಾತ್ರಿಯೆಲ್ಲ ಮೋಟ್ರು ನಿಂತಿರಬೇಕು. ಬೆಳಗ್ಗೆ ಕರೆಂಟು ಬರೋ ಮುಂಚೆ ಅಳೀಬೇಕು, ಇಲ್ಲದಿದ್ದರೆ ಆ ಅಂಕಿಗೆ ಬೆಲೆ ಇಲ್ಲ. ಬಾವಿ ಕಟ್ಟೆ ಮೇಲೆ ಬಣ್ಣದ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಟೇಪು ಇಳಿಸಿ. ಟೇಪಿನ ತುದಿಗೆ ಸೀಮೆಸುಣ್ಣ ಬಳಿದರೆ ನೆಂದ ಜಾಗ ಕಾಣುತ್ತೆ.

ಬೋರಿನದು ಸ್ವಲ್ಪ ಪಜೀತಿ. ಪೈಪು, ಕೇಬಲ್ಲಿನ ಮಧ್ಯೆ ಹಗ್ಗ ಸಿಕ್ಕಿಕೊಳ್ಳುತ್ತೆ. ಮೋಟ್ರು ಇಳಿಸುವಾಗಲೇ ಪಕ್ಕದಲ್ಲಿ ಮುಕ್ಕಾಲು ಇಂಚಿನ ಪೈಪೊಂದನ್ನು ಇಳಿಸಿದ್ದರೆ ಸಲೀಸು. ಅದರೊಳಗೆ ಎರಡೆಳೆ ವೈರು ಬಿಡಬೇಕು. ಕೆಳತುದಿಯಲ್ಲಿ ತಾಮ್ರ ಒಂದಕ್ಕೊಂದು ತಾಗದಂತೆ ಇರಲಿ. ಮೇಲೆ ಎಲೆಕ್ಟ್ರಿಷಿಯನ್ ಹತ್ತಿರ ಇರೋ ಮೀಟರು. ತುದಿ ನೀರು ಮುಟ್ಟಿದ ಕೂಡಲೇ ಮೀಟರು ತೋರಿಸುತ್ತೆ. ಸೆಲ್ಲು ಬಲ್ಬಿನಿಂದ ಇದು ಆಗಲ್ಲ, ಬಾವಿ ನೀರಿನಲ್ಲಿ ಅಷ್ಟು ಕರೆಂಟು ಹರಿಯೋದಿಲ್ಲ.

ನೀರಿನ ಗುಣ

ಕ್ವಾರಿಯ ಸಿಡಿಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತೆ. ಪೂರ್ತಿ ಸಿಡಿಯದೆ ಉಳಿದದ್ದು ಮಳೆಗೆ ಕರಗಿ ನೀರಿಗೆ ನೈಟ್ರೇಟ್ ಸೇರಿಸಬಹುದು. ಕುಡಿಯೋ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೆಚ್ಚಾದರೆ ಎಳೆ ಕೂಸುಗಳಿಗೆ ಅಪಾಯ. ಕುದಿಸಿದರೂ ಹೋಗಲ್ಲ. ಆದರೆ ನಮ್ಮ ಯೂರಿಯಾ, ತಿಪ್ಪೆ, ಕಕ್ಕಸು ಗುಂಡಿಯಿಂದಲೂ ನೈಟ್ರೇಟ್ ಬರುತ್ತೆ. ಕೆಂಗೇರಿ ಹತ್ತಿರದವರಿಗಂತೂ ವೃಷಭಾವತಿ ಇದೆ. ನಗರದ ಪಶ್ಚಿಮ ಭಾಗದ ಕೊಳಚೆಯೆಲ್ಲ ಅದರಲ್ಲೇ ಬೈರಮಂಗಲ ಕೆರೆಗೆ ಹರಿಯೋದು. ಹೊಳೆ ಪಕ್ಕದ ಬೋರಿನ ನೀರು ತೋರಿಸಿ ಕ್ವಾರಿಯನ್ನು ಬೈದರೆ ಯಾರೂ ಒಪ್ಪಲ್ಲ. ಕ್ವಾರಿಗಿಂತ ಮೇಲಿನ ಬಾವಿಯದೊಂದು, ಕೆಳಗಿನದೊಂದು ನೀರು ಒಂದೇ ದಿನ ಪರೀಕ್ಷೆಗೆ ಕೊಡಿ. ಫ್ಲೋರೈಡೂ ನೋಡಿಸಿ, ಮಿತಿ 1.5. ಅದು ಬಂಡೆಯಿಂದಲೇ ಬರೋದು.

ನೀರು ಹಿಡಿಯೋ ಮುಂಚೆ ಮೋಟ್ರು ಹತ್ತು ನಿಮಿಷ ಓಡಲಿ. ಡಬ್ಬಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ, ತಂಪಾಗಿಟ್ಟು ಅವತ್ತೇ ಪ್ರಯೋಗಾಲಯಕ್ಕೆ ಮುಟ್ಟಿಸಿ.

ಕಾಗದ ಎಲ್ಲಿದೆ?

2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು ಅಂತ ಹೇಳಿತು. ಸುತ್ತಲಿನ ಬಾವಿಗಳ ಮಟ್ಟ, ಗುಣ ನೋಡುತ್ತಿರಬೇಕು ಅನ್ನೋ ಷರತ್ತು ಇಂಥ ಅನುಮತಿ ಪತ್ರಗಳಲ್ಲಿ ಸಾಮಾನ್ಯ. 2006ರ ಅಧಿಸೂಚನೆ ಪ್ರಕಾರ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರ್ಷಕ್ಕೆರಡು ಸಲ, ಷರತ್ತು ಪಾಲಿಸಿದ ವರದಿ ಕೊಡಬೇಕು. ಅದು ಗುಟ್ಟಿನ ಕಾಗದ ಅಲ್ಲ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ಯಾವ ಬಾವಿ ಅಳೆದಿದ್ದಾರೆ, ಯಾವ ದಿನ, ಮೋಟ್ರು ನಿಂತಿತ್ತೇ, ಇದನ್ನು ಮೊದಲು ನೋಡಿ. ನಿಮ್ಮ ಬಾವಿಯ ಹೆಸರೇ ಇಲ್ಲದಿದ್ದರೆ ಸೇರಿಸಿ ಅಂತ ಬರೆದು ಕೇಳಿ. ನಿಮ್ಮ ಪುಸ್ತಕದ ನಕಲನ್ನೂ ಪ್ರತಿ ಸಲ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಹಾಕಿಸಿ ಇಟ್ಟುಕೊಳ್ಳಿ.

ಕ್ವಾರಿ ನಿಂತ ಮೇಲೂ ಅಳೆಯೋದು ಬಿಡಬೇಡಿ. ಬೆಂಗಳೂರಿನ ಉತ್ತರಕ್ಕೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕ್ವಾರಿ ಗುಂಡಿಗಳಿಗೆ ನಗರದ ಕಸ ಸುರಿದರು. ಖಾಲಿ ಗುಂಡಿ ನಮ್ಮ ಕಡೆಯೂ ಇವೆ. ಕಸದ ಲಾರಿ ಬರೋ ಮುಂಚಿನ ನೀರಿನ ಪರೀಕ್ಷೆ ಚೀಟಿಯೊಂದು ನಿಮ್ಮ ಪುಸ್ತಕದಲ್ಲಿ ಅಂಟಿಸಿರಲಿ.